ಫೋಟೊ ಕಾರ್ಡ್ ಮಾಡಿ ಅಂಗಡಿಗೆ ಕೊಡುವವರಿಗೆ: ಮೊದಲು ಬೆಲೆ, ಆಮೇಲೆ ಅಚ್ಚು

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮೂರು ಮನೆಗಳ ಅಟ್ಟದ ಮೇಲೆ ಮಾರಾಟವಾಗದ ಫೋಟೊ ಶುಭಾಶಯ ಪತ್ರಗಳ ಡಬ್ಬಗಳಿವೆ. ಒಂದು ನನ್ನದೇ. ಮೂರು ಡಬ್ಬಗಳ ಕತೆಯೂ ಒಂದೇ. ಒಳ್ಳೆಯ ಫೋಟೊ ಸಿಕ್ಕಿತು, ನೆಂಟರು ಹೊಗಳಿದರು, ಇನ್ನೂರು ಕಾರ್ಡು ಅಚ್ಚಾಯಿತು. ಆಮೇಲೆ ಲಕೋಟೆ ಹುಡುಕಲು ಹೊರಟೆವು. ಎಲ್ಲಕ್ಕಿಂತ ಕೊನೆಗೆ ಅಂಗಡಿಯವರ ಬಳಿ ಬೆಲೆ ಕೇಳಿದೆವು.

ಈ ಕ್ರಮವನ್ನು ತಿರುಗಿಸಿದರೆ ನಷ್ಟದ ದೊಡ್ಡ ಪಾಲು ತಪ್ಪುತ್ತದೆ. ಮೊದಲು ಅಂಗಡಿ ಮತ್ತು ಬೆಲೆ, ನಂತರ ಲಕೋಟೆ, ನಂತರ ಕಾಗದ. ಫೋಟೊದ ಸರದಿ ನಾಲ್ಕನೆಯದು. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ದಯವಿಟ್ಟು ಮಧ್ಯದಿಂದ ಆರಂಭಿಸಬೇಡಿ.

ಕೈಗೆ ಬೇಕಾದ ಸಾಮಾನು

ಉಕ್ಕಿನ ಅಳತೆಪಟ್ಟಿ, ಹರಿತವಾದ ಕಟರ್, ಶಾಯಿ ಮುಗಿದ ಬಾಲ್‌ಪೆನ್ನು (ಮಡಿಕೆಯ ಗೆರೆ ಒತ್ತಲು), ಡಬಲ್ ಸೈಡ್ ಟೇಪ್, ಗ್ರಾಮ್ ತೋರಿಸುವ ಅಡುಗೆಮನೆಯ ತಕ್ಕಡಿ, ಗಟ್ಟಿ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು, ಎರಡು ಪ್ರತಿ ಬರುವ ಚಲನ್ ಪುಸ್ತಕ. ಕ್ಯಾಮೆರಾ ಮೊಬೈಲಿನದಾದರೂ ಸಾಕು. ಚಲನ್ ಪುಸ್ತಕವಿಲ್ಲದೆ ಮಾತ್ರ ಮನೆಯಿಂದ ಹೊರಡಬೇಡಿ. ಯಾಕೆಂದು ಒಂಬತ್ತನೆಯ ಹಂತದಲ್ಲಿ ಹೇಳುತ್ತೇನೆ.

ಹಂತ 1: ಅಂಗಡಿಗೆ ಬರಿಗೈಯಲ್ಲಿ ಹೋಗಿ

ಮಾಟುಂಗಾ, ಮುಲುಂಡ್, ಡೊಂಬಿವಲಿ, ಎಲ್ಲಿಯಾದರೂ ಸರಿ, ನಿಮ್ಮ ಕಾರ್ಡು ಇಡಬಹುದಾದ ನಾಲ್ಕು ಅಂಗಡಿಗಳನ್ನು ಆರಿಸಿಕೊಳ್ಳಿ. ಪುಸ್ತಕದಂಗಡಿ, ಸ್ಟೇಷನರಿ, ಉಡುಗೊರೆ ಸಾಮಾನಿನ ಅಂಗಡಿ, ಹೂಗುಚ್ಛ ಮಾರುವವರು. ಮೊದಲ ಭೇಟಿಯಲ್ಲಿ ಏನನ್ನೂ ಮಾರಬೇಡಿ. ನಾಲ್ಕು ಸಂಗತಿ ನೋಡಿ ಬನ್ನಿ: ಈಗಿರುವ ಕಾರ್ಡುಗಳ ಬೆಲೆ, ಅವುಗಳ ಅಳತೆ, ಸ್ಟ್ಯಾಂಡಿನಲ್ಲಿ ಕಾರ್ಡಿನ ಎಷ್ಟು ಭಾಗ ಕಾಣುತ್ತದೆ, ಅಂಗಡಿಯವರ ಪಾಲು ಎಷ್ಟು.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಮೆಟ್ಟಿಲಿನಂಥ ಸ್ಟ್ಯಾಂಡಿನಲ್ಲಿ ಮುಂದಿನ ಸಾಲಿನ ಕಾರ್ಡು ಹಿಂದಿನದನ್ನು ಮುಚ್ಚುತ್ತದೆ. ಕಾಣುವುದು ಮೇಲಿನ ಮೂರನೆಯ ಒಂದು ಭಾಗ ಮಾತ್ರ. ನಿಮ್ಮ ಫೋಟೊದ ಚೆಲುವೆಲ್ಲ ಕೆಳಗಿದ್ದು ಮೇಲೆ ಬರೀ ಬಿಳಿಯ ಆಕಾಶವಿದ್ದರೆ ಗಿರಾಕಿಗೆ ಕಾಣುವುದು ಖಾಲಿ ಕಾಗದ.

ಪಾಲಿನ ಬಗ್ಗೆ ನೇರವಾಗಿ ಕೇಳಿ. ನಾನು ವ್ಯವಹರಿಸಿದ ಅಂಗಡಿಗಳು ಎಂಆರ್‌ಪಿಯ ಮೇಲೆ ಶೇ 30ರಿಂದ 50ರವರೆಗೆ ಕೇಳಿವೆ. ಮಾರಾಟವಾದ ಮೇಲೆ ಹಣ ಕೊಡುವವರು ಕಡಿಮೆಗೆ ಒಪ್ಪುತ್ತಾರೆ, ಕೈಯಲ್ಲೇ ಹಣ ಕೊಟ್ಟು ಖರೀದಿಸುವವರು ಹೆಚ್ಚು ಕೇಳುತ್ತಾರೆ. ಎರಡೂ ನ್ಯಾಯವೇ.

ಹಂತ 2: ಲಕೋಟೆಯನ್ನು ಮೊದಲು ಕೊಳ್ಳಿ

ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಕಾಗದ, ಲಕೋಟೆ, ಸ್ಟೇಷನರಿಗಳ ಸಗಟು ಬೀದಿ. ಮಸ್ಜಿದ್ ಸ್ಟೇಷನ್‌ನಲ್ಲಿ ಇಳಿದರೂ ನಡೆದು ಹೋಗಬಹುದು. ಭಾನುವಾರ ಹೋಗಿ ಮುಚ್ಚಿದ ಶಟರ್ ನೋಡಿ ಬರಬೇಡಿ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಎ6 ಕಾರ್ಡು, ಸಿ6 ಲಕೋಟೆ. ಎ5 ಹಾಳೆಯನ್ನು (148×210 ಮಿ.ಮೀ.) ಮಡಿಸಿದರೆ ಎ6 (105×148) ಆಗುತ್ತದೆ. ಸಿ6 ಲಕೋಟೆ 114×162 ಮಿ.ಮೀ. ಕಾರ್ಡು ಸಲೀಸಾಗಿ ಜಾರಿ ಕೂರುತ್ತದೆ.

ಇಲ್ಲೊಂದು ಹಳ್ಳವಿದೆ, ಬಹಳ ಮಂದಿ ಬಿದ್ದಿದ್ದಾರೆ. ಲ್ಯಾಬಿನಲ್ಲಿ ತೊಳೆಸಿದ 4×6 ಇಂಚಿನ ಫೋಟೊವನ್ನು ಎ6 ಕಾರ್ಡಿನ ಮೇಲೆ ಅಂಟಿಸುತ್ತೇನೆಂದು ಹೊರಡುತ್ತಾರೆ. ಆ ಫೋಟೊ 102×152 ಮಿ.ಮೀ.; ಕಾರ್ಡಿಗಿಂತ ನಾಲ್ಕು ಮಿ.ಮೀ. ಉದ್ದ! ಫೋಟೊ ಅಂಟಿಸುವ ಕಾರ್ಡೇ ಬೇಕೆಂದರೆ ಮಡಿಸಿದ ಮೇಲೆ 5×7 ಇಂಚು ಬರುವ ಹಾಳೆ ಆರಿಸಿ. ಆಗ ಸುತ್ತಲೂ ಸುಮಾರು 12 ಮಿ.ಮೀ. ಅಂಚು ಉಳಿದು ಚೌಕಟ್ಟಿನಂತೆ ಕಾಣುತ್ತದೆ.

ಅಂಚೆಯ ತೂಕವನ್ನೂ ಈಗಲೇ ನೋಡಿ. ಸಾಧಾರಣ ಪತ್ರದ ಮೊದಲ ದರ 20 ಗ್ರಾಮ್‌ವರೆಗೆ. 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಮ್ ತೂಗುವ) ಕಾಗದದ ಎ6 ಕಾರ್ಡು 9 ಗ್ರಾಮ್ ಚಿಲ್ಲರೆ, ಲಕೋಟೆ ಸೇರಿ 14ರ ಆಸುಪಾಸು. ಫೋಟೊ ಅಂಟಿಸಿದ 5×7 ಕಾರ್ಡು ಲಕೋಟೆ ಸಮೇತ 23 ದಾಟುತ್ತದೆ. ಗಿರಾಕಿ ಸಾಧಾರಣ ಅಂಚೆಚೀಟಿ ಹಚ್ಚಿ ಡಬ್ಬಕ್ಕೆ ಹಾಕಿದರೆ ಪಡೆಯುವವರು ದಂಡ ತೆರಬೇಕು. ಶುಭಾಶಯಕ್ಕೆ ಅದು ಒಳ್ಳೆಯ ಆರಂಭವಲ್ಲ. ಅಡುಗೆಮನೆಯ ತಕ್ಕಡಿ ಇದಕ್ಕೇ ಬೇಕಾದದ್ದು.

ಎಚ್ಚರಿಕೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಂದಿನ ಲಕೋಟೆಗಳನ್ನು ಕಟ್ಟುಗಟ್ಟಲೆ ಕೊಂಡಿಡಬೇಡಿ. ಮುಂಬಯಿಯ ಮಳೆಗಾಲದ ಗಾಳಿಗೆ ಅವು ತಾವೇ ಅಂಟಿಕೊಳ್ಳುತ್ತವೆ. ಒಂದು ಜುಲೈಯಲ್ಲಿ ನಾನು ಅರವತ್ತು ಲಕೋಟೆಗಳನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಹಿಡಿದು ಬಿಡಿಸಲು ನೋಡಿದೆ, ಉಳಿದದ್ದು ಹನ್ನೊಂದು. ಪಟ್ಟಿ ಕಿತ್ತು ಅಂಟಿಸುವ ಬಗೆಯ ಲಕೋಟೆ ತುಸು ದುಬಾರಿ, ಆದರೆ ಮಳೆಗಾಲಕ್ಕೆ ಅದೇ ಸರಿ.

ಹಂತ 3: ಕಾಗದ, ಮತ್ತು ಅದರ ನಾರು

250ರಿಂದ 300 ಜಿಎಸ್‌ಎಂ ಸಾಕು. ಅದಕ್ಕಿಂತ ತೆಳುವಾದರೆ ಸ್ಟ್ಯಾಂಡಿನಲ್ಲಿ ಬಾಗುತ್ತದೆ.

ಎರಡೂ ಬದಿ ಹೊಳಪಿರುವ ಆರ್ಟ್ ಕಾರ್ಡ್ ಬೇಡ. ನನ್ನ ಮೊದಲ ಕಂತನ್ನು ಮಾಟುಂಗಾದ ಅಂಗಡಿಯವರೊಬ್ಬರು ತೆರೆದು ನೋಡಿ, ಜೇಬಿನ ಶಾಯಿ ಪೆನ್ನಿನಿಂದ ಒಳಗೆ ಒಂದು ‘ಶ್ರೀ’ ಬರೆದರು. ಹತ್ತು ಎಣಿಸಿ ಹೆಬ್ಬೆರಳಿನಿಂದ ಉಜ್ಜಿದರು. ‘ಶ್ರೀ’ ಉದ್ದನೆಯ ನೀಲಿ ಬಾಲವಾಯಿತು. “ಚಿತ್ರ ಚೆನ್ನಾಗಿದೆ ಅಕ್ಕ, ಆದರೆ ಇದರಲ್ಲಿ ಬರೆಯುವುದು ಹೇಗೆ?” ಎಂದು ಕಾರ್ಡನ್ನು ಹಿಂದಕ್ಕೆ ಕೊಟ್ಟರು. ಅಂದಿನಿಂದ ಹೊರಬದಿಗೆ ಮಾತ್ರ ಲೇಪನವಿರುವ, ಒಳಬದಿ ಒರಟಾದ ಕಾಗದವನ್ನೇ ತೆಗೆದುಕೊಳ್ಳುತ್ತೇನೆ. ಕೊಳ್ಳುವ ಮುನ್ನ ಅದೇ ಪೆನ್ನಿನ ಪರೀಕ್ಷೆ ಮಾಡುತ್ತೇನೆ.

ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಮಡಿಕೆ ಆ ನಾರಿಗೆ ಸಮಾನಾಂತರವಾಗಿ ಬರಬೇಕು. ಅಡ್ಡ ಬಂದರೆ ಮಡಿಸಿದ ಜಾಗದಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಮೂಡುತ್ತದೆ. ಪರೀಕ್ಷೆ ಸುಲಭ: ಹಾಳೆಯನ್ನು ಎರಡೂ ದಿಕ್ಕಿನಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಪ್ರತಿರೋಧವಿಲ್ಲದೆ ಬಾಗುತ್ತದೆಯೋ ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು. ಡಿಜಿಟಲ್ ಮುದ್ರಣದ 13×19 ಇಂಚಿನ ಹಾಳೆಯಲ್ಲಿ ನಾಲ್ಕು ಕಾರ್ಡು ಕೂರಿಸುವುದಾದರೆ ನಾರು 13 ಇಂಚಿನ ಬದಿಗೆ ಸಮಾನಾಂತರವಾಗಿರಲಿ.

ಹಂತ 4: ಫೋಟೊ ಆರಿಸುವುದು

ಚೆಂದದ ಫೋಟೊ ಬೇರೆ, ಮಾರಾಟವಾಗುವ ಫೋಟೊ ಬೇರೆ. ಠಾಣೆ ಖಾರಿಯ ರಾಜಹಂಸಗಳು, ಮಳೆಯಲ್ಲಿ ಮರೀನ್ ಡ್ರೈವ್ ಗೋಡೆಗೆ ಅಪ್ಪಳಿಸುವ ಅಲೆ, ಮಾಟುಂಗಾದ ಹೂವಿನಂಗಡಿಯಲ್ಲಿ ಬಾಳೆನಾರಿಗೆ ಕಟ್ಟಿದ ಮಲ್ಲಿಗೆ ಮಾಲೆ: ಇವನ್ನು ಯಾವ ಸಂದರ್ಭಕ್ಕೂ ಕಳಿಸಬಹುದು. ಒಂದೇ ಹಬ್ಬಕ್ಕೆ ಕಟ್ಟುಬಿದ್ದ ಚಿತ್ರ ಹಬ್ಬದ ಮರುದಿನವೇ ಸತ್ತುಹೋಗುತ್ತದೆ. ಮೊದಲ ಕಂತಿನಲ್ಲಿ ಹೆಚ್ಚಿನ ವಿನ್ಯಾಸಗಳು ಹಬ್ಬದ ಹಂಗಿಲ್ಲದವಾಗಿರಲಿ. ಮುಖಪುಟದಲ್ಲಿ ಇಸವಿಯನ್ನಂತೂ ಅಚ್ಚು ಮಾಡಲೇಬೇಡಿ.

ಗುಣಮಟ್ಟಕ್ಕೆ ಒಂದು ಲೆಕ್ಕ: ಇಂಚಿಗೆ 300 ಚುಕ್ಕೆಯಂತೆ ಎ6 ಮುಖಪುಟಕ್ಕೆ 1240×1748 ಪಿಕ್ಸೆಲ್ ಬೇಕು. ಮೊಬೈಲಿನಿಂದ ತೆಗೆದ ಮೂಲ ಚಿತ್ರದಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ.

ಹಕ್ಕಿನ ವಿಚಾರದಲ್ಲಿ ಉದಾಸೀನ ಬೇಡ. ಗುಂಪಿನಲ್ಲಿ ಯಾರೋ ಹಂಚಿಕೊಂಡ ‘ಶುಭೋದಯ’ದ ಚಿತ್ರ ನಿಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟವಾದ ಫೋಟೊ ಮೇಲಿನ ಹಕ್ಕು 60 ವರ್ಷ ಇರುತ್ತದೆ. ಕಟ್ಟಡಗಳನ್ನು, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತಿರುವ ಶಿಲ್ಪಗಳನ್ನು ಚಿತ್ರಿಸಿ ಪ್ರಕಟಿಸಲು ಅದೇ ಕಾಯ್ದೆಯ 52ನೆಯ ಕಲಮು ವಿನಾಯಿತಿ ಕೊಡುತ್ತದೆ. ಬೀದಿ ಗೋಡೆಯ ಮೇಲಿನ ವರ್ಣಚಿತ್ರಗಳು ಆ ವಿನಾಯಿತಿಯಲ್ಲಿ ಬರುವುದಿಲ್ಲ, ಅವನ್ನೇ ಕಾರ್ಡಿನ ಮುಖವನ್ನಾಗಿ ಮಾಡಬೇಡಿ. ಗೇಟ್‌ವೇ ಎದುರಿನ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಕಟ್ಟಡದ ರೂಪ 2017ರಲ್ಲಿ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಗಿದೆ. ಮಾರಾಟದ ಕಾರ್ಡಿಗೆ ಅದನ್ನು ದೂರವಿಡುವುದೇ ಕ್ಷೇಮ. ಮುಖ ಸ್ಪಷ್ಟವಾಗಿ ಕಾಣುವ ವ್ಯಕ್ತಿ ಇದ್ದರೆ ಒಂದು ಹಾಳೆಯಲ್ಲಿ ಒಪ್ಪಿಗೆಯ ಸಹಿ ಪಡೆಯಿರಿ. ಮೀನು ಮಾರುವ ಕೋಳಿ ಸಮುದಾಯದ ಹೆಂಗಸರ ಚಿತ್ರ ತೆಗೆಯುವವರು ಇದನ್ನು ಎರಡು ಸಲ ಓದಿ.

ಹಂತ 5: ಹಾಳೆಯ ಮೇಲೆ ಕೂರಿಸುವುದು

ಎ5 ಹಾಳೆಯನ್ನು ಅಡ್ಡಲಾಗಿ ಇಟ್ಟರೆ ಬಲಭಾಗ ಮುಖಪುಟ, ಎಡಭಾಗ ಬೆನ್ನು. ಪುಸ್ತಕದಂತೆ ತೆರೆಯುವ ಕಾರ್ಡಿಗೆ ಇಷ್ಟೇ.

ಅಡ್ಡ ಚಿತ್ರದ, ಮೇಲೆ ಮಡಿಕೆ ಬರುವ ಕಾರ್ಡಿಗೆ ಹಾಳೆಯನ್ನು ಉದ್ದವಾಗಿ ನಿಲ್ಲಿಸಬೇಕು. ಕೆಳಗಿನ ಅರ್ಧ ಮುಖಪುಟ, ಮೇಲಿನ ಅರ್ಧ ಬೆನ್ನು. ಆ ಬೆನ್ನಿನ ಬರಹವನ್ನು ತಲೆಕೆಳಗಾಗಿ ಹಾಕಬೇಕು. ಪರದೆಯ ಮೇಲೆ ನೆಟ್ಟಗೆ ಕಂಡರೆ ಮಡಿಸಿದಾಗ ಉಲ್ಟಾ ಆಗುತ್ತದೆ. ಅನುಮಾನವಿದ್ದರೆ ಹಳೆಯ ಕಾಗದ ಮಡಿಸಿ, ‘ಮುಂದೆ’, ‘ಹಿಂದೆ’ ಎಂದು ಬರೆದು ಬಿಚ್ಚಿ ನೋಡಿ. ಅರ್ಧ ನಿಮಿಷದ ಕೆಲಸ.

ಚಿತ್ರ ಅಂಚಿನವರೆಗೆ ಬರುವುದಾದರೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕಟಿಂಗ್‌ನಲ್ಲಿ ಕತ್ತರಿಸಿಹೋಗುವ ಹೆಚ್ಚುವರಿ ಚಿತ್ರ) ಬಿಡಿ. ಅಕ್ಷರಗಳು ಅಂಚಿನಿಂದ ಕನಿಷ್ಠ 6 ಮಿ.ಮೀ. ಒಳಗಿರಲಿ. ಬ್ಲೀಡ್ ಸೇರಿದರೆ ಎ5 ಹಾಳೆ 154×216 ಮಿ.ಮೀ. ಆಗುತ್ತದೆ. 13×19 ಇಂಚಿನಲ್ಲಿ ಇಂಥವು ನಾಲ್ಕು ಆರಾಮವಾಗಿ ಹಿಡಿಯುತ್ತವೆ. 12×18 ಇಂಚಿನಲ್ಲಿ ಎರಡೇ! ಅಗಲ ಬರೀ 3 ಮಿ.ಮೀ. ಸಾಲದೆ ಹೋಗುತ್ತದೆ, ಕಾರ್ಡಿನ ಮುದ್ರಣ ವೆಚ್ಚ ದುಪ್ಪಟ್ಟಾಗುತ್ತದೆ. ಪ್ರೆಸ್ಸಿನವರನ್ನು ಮೊದಲು ಕೇಳಬೇಕಾದ ಪ್ರಶ್ನೆ ದರವಲ್ಲ, ಹಾಳೆಯ ಅಳತೆ.

ಈಗ ನಮ್ಮವರಿಗೇ ಮೀಸಲಾದ ತೊಂದರೆ: ಕನ್ನಡ ಅಕ್ಷರ. ಫೋರ್ಟ್‌ನಲ್ಲಾಗಲಿ ದಾದರ್‌ನಲ್ಲಾಗಲಿ ಪ್ರೆಸ್ಸಿನ ಹುಡುಗನಿಗೆ ಕನ್ನಡ ಓದಲು ಬರುವುದು ಅಪರೂಪ. ನಿಮ್ಮ ಫೈಲು ಅವನ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಕಾವೊತ್ತು ಕಳಚಿ ‘ಹಾರ್ದಿಕ’ ಎಂಬುದು ‘ಹಾರ್‌ದಿಕ’ ಆದರೆ ಅವನಿಗೆ ಎರಡೂ ಒಂದೇ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಯೂನಿಕೋಡ್ ಅಲ್ಲದೆ ಟೈಪ್ ಮಾಡಿದ್ದರೆ ಇಂಗ್ಲಿಷ್ ಅಕ್ಷರಗಳ ಕಸವೇ ಬರುತ್ತದೆ. ಆದ್ದರಿಂದ ಅಕ್ಷರಗಳನ್ನು ಔಟ್‌ಲೈನ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ಪರಿವರ್ತಿಸಿ ಪಿಡಿಎಫ್ ಮಾಡಿ ಕೊಡಿ. ಅವರ ಪರದೆಯ ಮೇಲೆ ಒಂದೊಂದು ಒತ್ತಕ್ಷರವನ್ನೂ ನೀವೇ ಓದಿ. ಮನೆಗೆ ಬಂದು ಓದುತ್ತೇನೆ ಎನ್ನಬೇಡಿ.

ಬೆನ್ನಿನ ಮೇಲೆ ಬೇಕಾದದ್ದು: ಫೋಟೊ ಬಗ್ಗೆ ಒಂದು ಸಾಲು, ನಿಮ್ಮ ಹೆಸರು, ವಿಳಾಸ, ಗಿರಾಕಿ ಸಂಪರ್ಕಿಸಬೇಕಾದ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಕಾರ್ಡಿನ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ. ಪಾರದರ್ಶಕ ಕವರಿಗೆ ಹಾಕಿ ಮಾರುವ ಸಾಮಾನಿಗೆ 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಅನ್ವಯಿಸುತ್ತವೆ. ಬೆಲೆ ಮತ್ತು ತಿಂಗಳನ್ನು ಕಾರ್ಡಿನ ಮೇಲೆ ಅಚ್ಚು ಮಾಡುವ ಬದಲು ಕವರಿನ ಮೇಲಿನ ಸ್ಟಿಕರಿನಲ್ಲಿ ಹಾಕಿದರೆ ಮುಂದಿನ ಕಂತಿಗೆ ಅನುಕೂಲ.

ಹಂತ 6: ಒಂದೇ ಒಂದು ಮಾದರಿ

ಒಂದು ಹಾಳೆ ಮಾತ್ರ ಅಚ್ಚು ಹಾಕಿಸಿ ಮನೆಗೆ ತನ್ನಿ. ಪರದೆಯಲ್ಲಿ ಬೆಳಗುತ್ತಿದ್ದ ಚಿತ್ರ ಕಾಗದದ ಮೇಲೆ ಕಪ್ಪಿಡುವುದು ಸಾಮಾನ್ಯ, ಏಕೆಂದರೆ ಮೊಬೈಲಿನ ಬೆಳಕು ಕಾಗದಕ್ಕಿಲ್ಲ. ಕಡುನೀಲಿ ಆಕಾಶ ನೇರಳೆಗೆ ತಿರುಗುತ್ತದೆ. ಚಿತ್ರವನ್ನು ತುಸು ತಿಳಿಮಾಡಿ, ಮತ್ತೊಂದು ಮಾದರಿ ತೆಗೆಸಿ.

ಮಾದರಿಯನ್ನು ಹಗಲಿನಲ್ಲಿ ಕಿಟಕಿಯ ಬಳಿ ಒಮ್ಮೆ, ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಒಮ್ಮೆ ನೋಡಿ. ಅಂಗಡಿಯಲ್ಲಿ ಇರುವುದು ಎರಡನೆಯ ಬೆಳಕು. ಒದ್ದೆ ಬೆರಳಿನಿಂದ ಉಜ್ಜಿ. ಮನೆಯ ಇಂಕ್‌ಜೆಟ್ ಮುದ್ರಣವಾದರೆ ಬಣ್ಣ ಬೆರಳಿಗೆ ಬರಬಹುದು. ಬಂದರೆ ಆ ದಾರಿಯನ್ನು ಅಲ್ಲಿಗೇ ಬಿಡಿ.

ಹಂತ 7: ಅಚ್ಚು, ಕ್ರೀಸಿಂಗ್, ಕಟಿಂಗ್

ಮೊದಲ ಕಂತು ಐದು ವಿನ್ಯಾಸ, ತಲಾ ಇಪ್ಪತ್ತು. ನೂರಕ್ಕಿಂತ ಹೆಚ್ಚು ಬೇಡ. ‘ಐನೂರು ಮಾಡಿಸಿದರೆ ಅಗ್ಗ’ ಎಂದು ಪ್ರೆಸ್ಸಿನವರು ಹೇಳುತ್ತಾರೆ. ಅಟ್ಟದ ಬಾಡಿಗೆಯನ್ನು ಅವರು ಲೆಕ್ಕ ಹಾಕುವುದಿಲ್ಲ.

ಈ ದಪ್ಪದ ಕಾಗದವನ್ನು ಹಾಗೆಯೇ ಕೈಯಲ್ಲಿ ಮಡಿಸಬಾರದು, ಕ್ರೀಸಿಂಗ್ ಯಂತ್ರದಲ್ಲಿ ಗೆರೆ ಒತ್ತಿಸಿ. ಒಳಬದಿ ಖಾಲಿ ಬಿಡಿ; ಎರಡನೆಯ ಬದಿಯ ಮುದ್ರಣ ಖರ್ಚು ಉಳಿಯುತ್ತದೆ, ಕೊಳ್ಳುವವರಿಗೂ ಸ್ವಂತ ಮಾತು ಬರೆಯಲು ಜಾಗ ಸಿಗುತ್ತದೆ. ಒಂದೇ ಬದಿಗೆ ಲ್ಯಾಮಿನೇಷನ್ ಮಾಡಿಸಿದರೆ ತೇವದ ಹವೆಯಲ್ಲಿ ಕಾಗದ ಹಿಗ್ಗಿ ಕಾರ್ಡು ಹಪ್ಪಳದಂತೆ ಸುರುಳುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ.

ಫೋಟೊ ಅಂಟಿಸುವವರು ನೀರು ಬೆರೆತ ಗೋಂದು ಮುಟ್ಟಬೇಡಿ, ಎರಡು ದಿನದಲ್ಲಿ ಫೋಟೊ ಅಲೆಯಾಗುತ್ತದೆ. ಡಬಲ್ ಸೈಡ್ ಟೇಪ್ ನಾಲ್ಕು ಅಂಚಿಗೂ ಹಾಕಿ.

ಕವರಿಗೆ ಹಾಕುವ ಮುನ್ನ ಒಂದು ರಾತ್ರಿ ಭಾರದ ಪುಸ್ತಕಗಳ ಕೆಳಗೆ ಇಡಿ. ಸಾಗಿಸುವಾಗ ಗಟ್ಟಿ ಡಬ್ಬ ಕಡ್ಡಾಯ. ಬೆಳಗಿನ ಎಂಟೂವರೆಯ ಫಾಸ್ಟ್ ಲೋಕಲಿನಲ್ಲಿ ಬಟ್ಟೆಚೀಲದಲ್ಲಿ ಕಾರ್ಡು ಒಯ್ದವರಿಗೆ ದಾದರ್‌ನಲ್ಲಿ ಇಳಿಯುವಾಗ ನಾಲ್ಕು ಮೂಲೆಯೂ ದುಂಡಗಾಗಿರುತ್ತವೆ. ಹನ್ನೊಂದರ ನಂತರ ಹೊರಡಿ.

ಹಂತ 8: ಬೆಲೆಯ ಲೆಕ್ಕ

ಇಲ್ಲಿ ಎಡವುವವರೇ ಹೆಚ್ಚು, ಹಾಗಾಗಿ ನಿಧಾನವಾಗಿ ಹೋಗೋಣ. ಕೆಳಗಿನ ಅಂಕಿಗಳು ಲೆಕ್ಕದ ವಿಧಾನ ತೋರಿಸಲು ಮಾತ್ರ. ನಿಮ್ಮ ಪ್ರೆಸ್ಸಿನ ದರ ಹಾಕಿಕೊಳ್ಳಿ.

ಒಂದು ಹಾಳೆಯ ಮುದ್ರಣ 40 ರೂಪಾಯಿ, ನಾಲ್ಕು ಕಾರ್ಡು ಬಂದರೆ ತಲಾ 10. ಕ್ರೀಸಿಂಗ್, ಕಟಿಂಗ್ 2. ಲಕೋಟೆ 4. ಕವರು, ಸ್ಟಿಕರು 1. ಓಡಾಟಕ್ಕೆ ನೂರು ಕಾರ್ಡಿಗೆ 200, ಅಂದರೆ ತಲಾ 2. ಇನ್ನು ನಿಮ್ಮ ದುಡಿಮೆ: ಮಡಿಸಿ, ಲಕೋಟೆ ಸೇರಿಸಿ, ಕವರಿಗೆ ಹಾಕಲು ಕಾರ್ಡಿಗೆ ಮೂರು ನಿಮಿಷ, ಗಂಟೆಗೆ 120 ರೂಪಾಯಿಯಂತೆ 6. ಒಟ್ಟು 25.

ದುಡಿಮೆಯ ಸಾಲನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ‘ಮನೆಯಲ್ಲೇ ಕೂತು ಮಾಡುವುದಲ್ಲವೇ’ ಎಂದು. ನಾಳೆ ಐದುನೂರು ಕಾರ್ಡಿಗೆ ಬೇಡಿಕೆ ಬಂದು ಪಕ್ಕದ ಮನೆಯ ಹುಡುಗಿಯನ್ನು ಕೆಲಸಕ್ಕೆ ಕರೆದರೆ ಅವಳು ಪುಕ್ಕಟೆ ಬರುತ್ತಾಳೆಯೇ? ಗಡಿಯಾರ ಇಟ್ಟುಕೊಂಡು ಇಪ್ಪತ್ತು ಕಾರ್ಡು ಮಾಡಿ ನೋಡಿ, ನಿಜವಾದ ನಿಮಿಷ ತಿಳಿಯುತ್ತದೆ.

ನೂರರಲ್ಲಿ ಹತ್ತು ಹಾಳಾಗುತ್ತವೆ ಎಂದುಕೊಳ್ಳಿ: ಕಲೆ, ಮೂಲೆ ಮುರಿತ, ಅಂಗಡಿಯಲ್ಲಿ ಮಾಸಿದ್ದು. 2500 ರೂಪಾಯಿಯನ್ನು 90ರಿಂದ ಭಾಗಿಸಿದರೆ ಸುಮಾರು 28. ಮಾದರಿ ಮುದ್ರಣಕ್ಕೂ ಚಿತ್ರ ತೆಗೆಯಲು ಹೋದ ಖರ್ಚಿಗೂ 2 ಸೇರಿಸಿ. ಅಸಲು 30 ರೂಪಾಯಿ.

ಈಗ ತಪ್ಪು ಲೆಕ್ಕ ಹೀಗಿರುತ್ತದೆ: ‘ಅಂಗಡಿಯವರಿಗೆ ಶೇ 40 ಕೊಡಬೇಕು, 30ಕ್ಕೆ ಶೇ 40 ಸೇರಿಸಿದರೆ 42, ಅದೇ ಎಂಆರ್‌ಪಿ.’ ಅಂಗಡಿಯವರು ತಮ್ಮ ಶೇ 40 ಹಿಡಿಯುವುದು ನಿಮ್ಮ ಅಸಲಿನ ಮೇಲಲ್ಲ, ಎಂಆರ್‌ಪಿಯ ಮೇಲೆ. 42ರಲ್ಲಿ 16.80 ಅವರಿಗೆ ಹೋಯಿತು. ನಿಮ್ಮ ಕೈಗೆ 25.20. ಪ್ರತಿ ಕಾರ್ಡಿಗೂ 4.80 ನಷ್ಟ, ಅದೂ ಮಾರಾಟವಾದ ಸಂತೋಷದಲ್ಲಿ!

ಸರಿಯಾದ ಲೆಕ್ಕ: ಅಸಲು 30, ನಿಮಗೆ ಬೇಕಾದ ಲಾಭ 12, ಒಟ್ಟು 42. ಇದು ನಿಮ್ಮ ಕೈಗೆ ಬರಬೇಕಾದ ಮೊತ್ತ. ಅಂಗಡಿಯ ಪಾಲು ಶೇ 40 ಆದರೆ 42ನ್ನು 0.60ರಿಂದ ಭಾಗಿಸಿ: 70 ರೂಪಾಯಿ. ಶೇ 50 ಆದರೆ 0.50ರಿಂದ: 84. ಮೊದಲ ಹಂತದಲ್ಲಿ ನೋಡಿ ಬಂದ ಬೆಲೆಗಳ ಜೊತೆ ಇದನ್ನು ಹೋಲಿಸಿ. ಆ ಅಂಗಡಿಯಲ್ಲಿ ಕಾರ್ಡು 60 ದಾಟುವುದಿಲ್ಲವೆಂದರೆ ಅಸಲು ಇಳಿಸಬೇಕು ಅಥವಾ ಅಂಗಡಿ ಬದಲಿಸಬೇಕು. ಲಾಭವನ್ನು ಸೊನ್ನೆಗೆ ಇಳಿಸುವುದು ಮೂರನೆಯ ದಾರಿಯಲ್ಲ.

ಕರ್ನಾಟಕ ಸಂಘದ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಮೇಜು ಹಾಕಿ ನೀವೇ ಮಾರಿದಾಗಲೂ 70ಕ್ಕೇ ಮಾರಿ. ಅಲ್ಲಿ 45ಕ್ಕೆ ಕೊಟ್ಟ ಸುದ್ದಿ ಮಾಟುಂಗಾದ ಅಂಗಡಿಗೆ ತಲುಪಲು ಒಂದು ವಾರ ಬೇಕಿಲ್ಲ.

ತೆರಿಗೆಯ ಮಾತು: ಮಹಾರಾಷ್ಟ್ರದೊಳಗೆ ಸರಕು ಮಾತ್ರ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಆದರೆ ಊರಿನ ನೆನಪಾಗಿ ಮಂಗಳೂರಿನ ಅಂಗಡಿಗೂ ಒಂದು ಕಟ್ಟು ಕಳಿಸಿದರೆ ಅದು ಅಂತರರಾಜ್ಯ ಮಾರಾಟ, ಈ ಮಿತಿ ಅಲ್ಲಿ ನಿಮ್ಮನ್ನು ಕಾಯುವುದಿಲ್ಲ. ಗಡಿ ದಾಟುವ ಮುನ್ನ ಲೆಕ್ಕಪರಿಶೋಧಕರನ್ನು ಕಾಣಿರಿ.

ಹಂತ 9: ಅಂಗಡಿಗೆ ಕೊಡುವುದು, ವಸೂಲಿ

ಚಲನ್ ಎರಡು ಪ್ರತಿ. ಪ್ರತಿ ವಿನ್ಯಾಸದ ಸಂಖ್ಯೆ, ಎಷ್ಟು ಕಾರ್ಡು, ಎಂಆರ್‌ಪಿ, ಅಂಗಡಿಯ ಪಾಲು, ಲೆಕ್ಕ ನೋಡುವ ದಿನಾಂಕ, ಹಾಳಾದದ್ದು ಯಾರ ಪಾಲಿಗೆ ಎಂಬುದನ್ನೆಲ್ಲ ಬರೆದು ಸಹಿ ಪಡೆಯಿರಿ. ಪರಿಚಯದವರಾದರೆ ಇನ್ನೂ ಮುಖ್ಯ. ‘ನಮ್ಮೂರಿನವರು, ಸಹಿ ಕೇಳುವುದು ಹೇಗೆ’ ಎಂದು ನಾಚಿ ನಾನು ಕಳೆದುಕೊಂಡದ್ದು ನಲವತ್ತು ಕಾರ್ಡು ಮತ್ತು ಒಬ್ಬ ಪರಿಚಯಸ್ಥರು.

ಮೊದಲ ಭೇಟಿ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೊಮ್ಮೆ. ಹೋದಾಗ ಹಣದ ಜೊತೆಗೆ ಉಳಿದ ಕಾರ್ಡುಗಳನ್ನೂ ಎಣಿಸಿ. ಮಾಸಿದ ಕವರು ಬದಲಿಸಿ. ಡಬ್ಬದಲ್ಲಿ ಸಿಲಿಕಾ ಜೆಲ್ ಹೊಸದು ಹಾಕಿ. ದೀಪಾವಳಿ ಕಾರ್ಡು ಹಬ್ಬಕ್ಕೆ ಒಂದು ತಿಂಗಳ ಮುಂಚೆಯೇ ಸ್ಟ್ಯಾಂಡಿನಲ್ಲಿರಬೇಕು, ಹಬ್ಬದ ವಾರದಲ್ಲಿ ಒಯ್ದರೆ ಇಡಲು ಜಾಗವಿರುವುದಿಲ್ಲ.

ಅಪಾಯದ ಲಕ್ಷಣಗಳು ಬೇಗ ಕಾಣುತ್ತವೆ. ಕಾರ್ಡುಗಳು ಕಣ್ಣಿನ ಎತ್ತರದಿಂದ ಕೆಳಗಿನ ಸಾಲಿಗೆ ಇಳಿದಿವೆ. ‘ಮುಂದಿನ ವಾರ ಲೆಕ್ಕ ಮಾಡೋಣ’ ಎಂಬ ಮಾತು ಮೂರನೆಯ ಸಲ ಬಂದಿದೆ. ಕವರಿನ ಒಳಗೆ ಹಬೆ ಕಟ್ಟಿದೆ. ಐದು ವಿನ್ಯಾಸದಲ್ಲಿ ಮಲ್ಲಿಗೆ ಮಾಲೆ ಮಾತ್ರ ಖಾಲಿಯಾಗಿ ಉಳಿದ ನಾಲ್ಕು ಹಾಗೇ ನಿಂತಿವೆ. ಮೊದಲ ಎರಡಕ್ಕೆ ಸರಕು ವಾಪಸ್ ತನ್ನಿ. ಮೂರನೆಯದಕ್ಕೆ ಅಂದೇ ಎಲ್ಲವನ್ನೂ ಬಿಚ್ಚಿ ಒಣಗಿಸಿ. ನಾಲ್ಕನೆಯದಕ್ಕೆ ಮಲ್ಲಿಗೆಯನ್ನೇ ಇನ್ನೂ ನಲವತ್ತು ಅಚ್ಚು ಹಾಕಿಸಿ, ಉಳಿದ ನಾಲ್ಕು ನಿಮ್ಮ ಮೆಚ್ಚಿನವಾಗಿದ್ದರೂ ಸರಿ.